ಡಲ್ಲಾಸ್‌ನಲ್ಲಿದ್ದುಕೊಂಡು ಜೆ.ಪಿ. ನಗರದ ಬಾಡಿಗೆಗೆ ತೆರಿಗೆ ಕಟ್ಟಿದ ಅನುಭವ

2022ರ ಸೆಪ್ಟೆಂಬರ್ 10ರಂದು ಉದ್ಯೋಗದ ಮೇಲೆ ಡಲ್ಲಾಸ್‌ಗೆ ಹೊರಡುವ ಮುನ್ನ ಜೆ.ಪಿ. ನಗರದ ನಮ್ಮ ಫ್ಲ್ಯಾಟನ್ನು ತಿಂಗಳಿಗೆ 45,000 ರೂಪಾಯಿಗೆ ಬಾಡಿಗೆಗೆ ಕೊಟ್ಟೆ. ಕರಾರುಪತ್ರ, ಅಡ್ವಾನ್ಸ್, ಬೀಗದ ಕೈ ಎಲ್ಲವೂ ಒಂದೇ ದಿನದಲ್ಲಿ ಮುಗಿದವು. ತೆರಿಗೆಯ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಬಾಡಿಗೆ ನನ್ನ ಹಳೆಯ ಉಳಿತಾಯ ಖಾತೆಗೇ ಪೂರ್ತಿಯಾಗಿ ಬಂದು ಬೀಳುತ್ತಿತ್ತು.

ಮುಂದಿನ ಮಾರ್ಚ್‌ನಲ್ಲಿ ಕಾಗದಪತ್ರ ನೋಡಿದ ಆಡಿಟರ್ ಎರಡೂ ತಪ್ಪೆಂದರು. ಆ ಆರ್ಥಿಕ ವರ್ಷದಲ್ಲಿ ನಾನು ಭಾರತದಲ್ಲಿದ್ದದ್ದು 163 ದಿನ. ಉದ್ಯೋಗಕ್ಕಾಗಿ ದೇಶ ಬಿಟ್ಟವರಿಗೆ 182 ದಿನಗಳ ಮಿತಿ ಅನ್ವಯವಾಗುವುದರಿಂದ ಆ ವರ್ಷಕ್ಕೇ ನಾನು ಅನಿವಾಸಿಯಾಗಿದ್ದೆ. ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದಲ್ಲಿನ ಆದಾಯವನ್ನು ಇಡುವ ಖಾತೆ) ಬದಲಾಯಿಸಬೇಕಿತ್ತು, ಬಾಡಿಗೆದಾರರು ಪ್ರತಿ ತಿಂಗಳೂ ಬಾಡಿಗೆಯಿಂದ ಟಿಡಿಎಸ್, ಅಂದರೆ ಮೂಲದಲ್ಲೇ ಕಡಿತವಾಗುವ ತೆರಿಗೆ, ಹಿಡಿಯಬೇಕಿತ್ತು.

ವಿಷಯ ತಿಳಿಸಿದಾಗ ಬಾಡಿಗೆದಾರರು ಕೇಳಿದ್ದು ಸಹಜವಾಗಿಯೇ ಇತ್ತು: “ಸರ್, ಬಾಡಿಗೆ ಐವತ್ತು ಸಾವಿರ ದಾಟಿಲ್ಲವಲ್ಲ, ಟಿಡಿಎಸ್ ಯಾಕೆ?” ಆ ಐವತ್ತು ಸಾವಿರದ ಮಿತಿ ಮಾಲೀಕರು ಭಾರತದ ನಿವಾಸಿಯಾಗಿದ್ದಾಗ ಮಾತ್ರ. ಮಾಲೀಕರು ಅನಿವಾಸಿಯಾದರೆ ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 195ನೇ ಸೆಕ್ಷನ್ ಬರುತ್ತಿತ್ತು; ಅದರಲ್ಲಿ ಕನಿಷ್ಠ ಮಿತಿಯೇ ಇರಲಿಲ್ಲ, ದರ ಸೆಸ್ ಸೇರಿ ಶೇ 31.2. ಹಿಡಿಯದಿದ್ದರೆ ಇಲಾಖೆ ಕೇಳುವುದು ಬಾಡಿಗೆದಾರರನ್ನು. ನಾನು ಹೇಳದೆ ಹೋದದ್ದಕ್ಕೆ ಅವರು ಸಿಕ್ಕಿಬೀಳುವಂತಾಯಿತಲ್ಲ ಎಂಬುದು ನನ್ನನ್ನು ಬಹಳ ಕಾಡಿತು. ಕಳೆದ ತಿಂಗಳುಗಳ ಬಾಡಿಗೆಯನ್ನು ನನ್ನ ರಿಟರ್ನ್‌ನಲ್ಲಿ ತೋರಿಸಿ ತೆರಿಗೆ ಕಟ್ಟಿದೆ, ಹಾಗೆ ಕಟ್ಟಿದ್ದೇನೆಂದು ಆಡಿಟರ್ ಫಾರಂ 26ಎ ಪ್ರಮಾಣಪತ್ರ ಕೊಟ್ಟರು, ಉಳಿದ ಬಡ್ಡಿಯನ್ನು ನಾನೇ ಭರಿಸಿದೆ. ಬಾಡಿಗೆದಾರರ ಹೆಸರಿನಲ್ಲಿ ಫಾರಂ 49ಬಿ ತುಂಬಿ ಟ್ಯಾನ್ (ತೆರಿಗೆ ಹಿಡಿಯುವವರಿಗೆ ಕೊಡುವ ಸಂಖ್ಯೆ) ಮಾಡಿಸಿದ್ದೂ ನನ್ನ ಖರ್ಚಿನಲ್ಲೇ. ಪ್ರತಿ ತಿಂಗಳು 7ರೊಳಗೆ ಹಣ ತುಂಬುವುದು, ಮೂರು ತಿಂಗಳಿಗೊಮ್ಮೆ ಅದರ ವಿವರವನ್ನು ಫಾರಂ 27ಕ್ಯೂನಲ್ಲಿ ಸಲ್ಲಿಸಿ, ಟಿಡಿಎಸ್ ಹಿಡಿದದ್ದಕ್ಕೆ ಪ್ರಮಾಣಪತ್ರವಾದ 16ಎಯನ್ನು ನನಗೆ ಕಳಿಸುವುದು ಅವರ ಪಾಲಿನ ಕೆಲಸವಾಯಿತು.

2023-24ರ ಲೆಕ್ಕ ಕೈಗೆ ಬಂದಾಗಲೇ ಹಿಡಿದ ಹಣ ಬೇರೆ, ಕಟ್ಟಬೇಕಾದ ತೆರಿಗೆ ಬೇರೆ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು. ವರ್ಷದ ಬಾಡಿಗೆ 5,40,000. ಅದರಲ್ಲಿ ನಾನು ಕಟ್ಟಿದ ಆಸ್ತಿ ತೆರಿಗೆ 14,000 ಕಳೆದರೆ 5,26,000. ಅದರ ಶೇ 30, ಅಂದರೆ 1,57,800 ರೂಪಾಯಿ, ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ಸಿಗುವ ಕಡಿತ. ಆದ್ದರಿಂದ ಅಪಾರ್ಟ್‌ಮೆಂಟಿನ ಮೇಂಟೆನೆನ್ಸನ್ನು ಬೇರೆಯಾಗಿ ಕಳೆಯುವಂತಿಲ್ಲ. ನನಗೆ ಗೃಹಸಾಲವಿರಲಿಲ್ಲ. ಉಳಿದ 3,68,200ಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಸೆಸ್ ಸೇರಿ ಸುಮಾರು 3,550 ರೂಪಾಯಿ ತೆರಿಗೆ. ನಿವಾಸಿಯಾಗಿದ್ದರೆ 87ಎ ಸೆಕ್ಷನ್‌ನ ರಿಯಾಯಿತಿಯಲ್ಲಿ ಅದೂ ಇರುತ್ತಿರಲಿಲ್ಲ. ಹಿಡಿದದ್ದೋ ತಿಂಗಳಿಗೆ 14,040ರಂತೆ 1,68,480! ಐಟಿಆರ್-2 ರಿಟರ್ನ್ ಸಲ್ಲಿಸಿದ ಮೇಲೆ ಮಿಕ್ಕದ್ದು ಮರುಪಾವತಿಯಾಗಿ ಬಂತು, ಆದರೆ ಅಷ್ಟು ಹಣ ಅಲ್ಲಿಯವರೆಗೆ ಸರ್ಕಾರದ ಬಳಿಯೇ ಇತ್ತು.

ಅದಕ್ಕೇ ಮರುವರ್ಷ 197ನೇ ಸೆಕ್ಷನ್ ಅಡಿಯಲ್ಲಿ, ಕಡಿಮೆ ದರದಲ್ಲಿ ಟಿಡಿಎಸ್ ಹಿಡಿಯಲು ಅನುಮತಿ ಕೋರುವ ಫಾರಂ 13 ಹಾಕಿದೆ. ಹಿಂದಿನ ರಿಟರ್ನ್‌ಗಳು, ಕರಾರುಪತ್ರ, ಅಂದಾಜು ಲೆಕ್ಕ, ಬಾಡಿಗೆದಾರರ ಟ್ಯಾನ್ ಇಷ್ಟನ್ನು ಕೊಟ್ಟಾಗ ಶೇ 1ರ ದರದಲ್ಲಿ ಹಿಡಿಯಲು ಪ್ರಮಾಣಪತ್ರ ಸಿಕ್ಕಿತು. ಅದು ಆ ಆರ್ಥಿಕ ವರ್ಷಕ್ಕೆ, ಆ ಟ್ಯಾನ್‌ಗೆ ಮಾತ್ರ. ಹಿಂದಿನ ತಿಂಗಳುಗಳಿಗೆ ಅನ್ವಯಿಸುವುದಿಲ್ಲ. ಹಾಗಾಗಿ ವರ್ಷದ ಆರಂಭದಲ್ಲೇ ಅರ್ಜಿ ಹಾಕುವುದು ಲೇಸು.

ಅಮೆರಿಕದಲ್ಲಿ ಇದೇ ಬಾಡಿಗೆಯನ್ನು ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕದಲ್ಲಿ ಡಾಲರಿಗೆ ತಿರುಗಿಸಿ ಅಲ್ಲಿನ ರಿಟರ್ನ್‌ನ ಷೆಡ್ಯೂಲ್ ಇ ಎಂಬ ಭಾಗದಲ್ಲಿ ತೋರಿಸಬೇಕು. ಇಲ್ಲಿ ಶೇ 30ರ ಕಡಿತವಿಲ್ಲ, ಆದರೆ ಮೇಂಟೆನೆನ್ಸ್ ಕಳೆಯಬಹುದು, ಕಟ್ಟಡದ ಬೆಲೆಯನ್ನು 30 ವರ್ಷಗಳಿಗೆ ಹಂಚಿ ಸವಕಳಿಯನ್ನೂ (ಡಿಪ್ರಿಸಿಯೇಶನ್) ಕಳೆಯಬೇಕು. ಜಮೀನಿಗೆ ಸವಕಳಿ ಇಲ್ಲವಾದ್ದರಿಂದ ಕ್ರಯಪತ್ರ ತೆಗೆದು, ನಮ್ಮ ಪಾಲಿನ ಅವಿಭಾಜ್ಯ ಜಮೀನಿನ ಬೆಲೆಯನ್ನು ಬೇರ್ಪಡಿಸಬೇಕಾಯಿತು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫಾರಂ 1116ರಲ್ಲಿ ಕ್ರೆಡಿಟ್, ಅಂದರೆ ಅಮೆರಿಕದ ತೆರಿಗೆಯಲ್ಲಿ ಕಡಿತ, ಉಂಟು. ಆದರೆ ಆ ಕ್ರೆಡಿಟ್ 3,550 ರೂಪಾಯಿಗೇ ಹೊರತು 1,68,480ಕ್ಕಲ್ಲ. ವಾಪಸು ಬರುವ ಹಣ ತೆರಿಗೆ ಎನಿಸಿಕೊಳ್ಳುವುದಿಲ್ಲ. 16ಎ ನೋಡಿಕೊಂಡು ಪೂರ್ತಿ ಮೊತ್ತವನ್ನು ಬರೆಯಲು ಹೊರಟಿದ್ದ ನನ್ನ ಸ್ನೇಹಿತರೊಬ್ಬರನ್ನು ನಾನೇ ತಡೆದಿದ್ದೇನೆ. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಯಾವಾಗಲಾದರೂ 10,000 ಡಾಲರ್ ದಾಟಿದರೆ ಎನ್‌ಆರ್‌ಒ ಖಾತೆಯನ್ನು ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿಯಲ್ಲಿಯೂ ನಮೂದಿಸಬೇಕು.

ಎನ್‌ಆರ್‌ಒ ಖಾತೆಯಿಂದ ಹಣ ತರಿಸಿಕೊಳ್ಳುವಾಗ ಬ್ಯಾಂಕು, ವಿದೇಶಕ್ಕೆ ಹೋಗುವ ಹಣದ ತೆರಿಗೆ ಬಗೆಗಿನ ಘೋಷಣೆಯಾದ ಫಾರಂ 15ಸಿಎ ಮತ್ತು ಆಡಿಟರ್ ಸಹಿಯ ಪ್ರಮಾಣಪತ್ರವಾದ 15ಸಿಬಿ ಕೇಳಿತು. ತೆರಿಗೆ ಕಟ್ಟಿದ ದಾಖಲೆಗಳು ಕ್ರಮವಾಗಿದ್ದುದರಿಂದ ಅದಕ್ಕೆ ಹೆಚ್ಚು ದಿನ ಹಿಡಿಯಲಿಲ್ಲ.

2025ರಲ್ಲಿ ಬೇರೆ ಕುಟುಂಬ ಮನೆಗೆ ಬಂತು. ಆ ವೇಳೆಗೆ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರಲಿದೆ, ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ ಎಂದು ತಿಳಿದಿದ್ದರಿಂದ ಕರಾರುಪತ್ರದಲ್ಲಿ ಸಂಖ್ಯೆ ಹಾಕದೆ, ಮಾಲೀಕರು ಅನಿವಾಸಿ ಎಂದೂ, ಬಾಡಿಗೆದಾರರು ಟ್ಯಾನ್ ಪಡೆದು ಟಿಡಿಎಸ್ ಹಿಡಿಯತಕ್ಕದ್ದು ಎಂದೂ, ಅದರ ಖರ್ಚು ಮಾಲೀಕರದು ಎಂದೂ ಬರೆಸಿದೆ. ಅಡ್ವಾನ್ಸ್ ಪಡೆಯುವ ಮೊದಲೇ ಆ ಸಾಲನ್ನು ಅವರಿಗೆ ಫೋನಿನಲ್ಲಿ ಓದಿ ಹೇಳಿದೆ.