ಕೆಮ್ಮಣ್ಣಿನ ಮೇಲೆ ಬಿಳಿ ಕುದುರೆ

ಕುದುರೆಯ ಭಾವಚಿತ್ರ ಬರೆಯುವಾಗ ನಾನು ಮೊದಲು ನೋಡುವುದು ಅದು ನಿಂತ ನೆಲವನ್ನು. ಬೀದರಿನ ಕೆಮ್ಮಣ್ಣಿನ ಮೇಲೆ ಬಿಸಿಲಿಗೆ ನಿಂತ ಬಿಳಿ ಕುದುರೆಯ ಹೊಟ್ಟೆಯಡಿ ಬಿಳುಪು ಉಳಿದಿರುವುದಿಲ್ಲ, ನೆಲದ ಕೆಂಪು ಅಲ್ಲಿಗೆ ಏರಿರುತ್ತದೆ. ಟೈಟಾನಿಯಂ ವೈಟ್‌ಗೆ ಚೂರು ಲೈಟ್ ರೆಡ್ ಎಂಬ ಕಾವಿಗೆಂಪು, ಚೂರು ಯೆಲ್ಲೊ ಓಕರ್ ಎಂಬ ಮಣ್ಣುಹಳದಿ ಬೆರೆಸಿದರೆ ಆ ಬಣ್ಣ ಸಿಗುತ್ತದೆ. ಕಲಬುರಗಿಯಲ್ಲಿ ಶಹಾಬಾದ್ ಕಲ್ಲು ಹಾಸಿದ ಅಂಗಳಕ್ಕೆ ಅದೇ ಕುದುರೆಯನ್ನು ತಂದು ನಿಲ್ಲಿಸಿ, ಹೊಟ್ಟೆ ತಣ್ಣನೆಯ ಬೂದಿಗೆ ತಿರುಗುತ್ತದೆ. ಬೆನ್ನ ಮೇಲೆ ಮಾತ್ರ ಎರಡೂ ಜಾಗದಲ್ಲಿ ಆಕಾಶದ ತಿಳಿನೀಲಿ. ಇದನ್ನು ಬಿಟ್ಟು ನೆರಳಿಗೆಲ್ಲ ಕಪ್ಪು ಬೆರೆಸಿದರೆ ಮಸಿ ಬಳಿದಂತಾಗುತ್ತದೆ. ಕಪ್ಪು ಕುದುರೆಗೂ ನಾನು ಟ್ಯೂಬಿನ ಕಪ್ಪು ಮುಟ್ಟುವುದಿಲ್ಲ. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಅಂಬರ್ ಎಂಬ ಕಡುಕಂದು ಸೇರಿದರೆ ಸಾಕು.

ಫೋಟೊ ನೋಡಿ ಬರೆಯುವುದಾದರೆ ಎಚ್ಚರ: ಮೊಬೈಲನ್ನು ಮುಖದ ಹತ್ತಿರ ಹಿಡಿದು ತೆಗೆದ ಫೋಟೊದಲ್ಲಿ ತಲೆ ಊದಿ ಹಿಂಗಾಲು ಕುಗ್ಗಿರುತ್ತದೆ. 20 ಅಡಿ ದೂರ ನಿಂತು, ಕ್ಯಾಮೆರಾವನ್ನು ಕುದುರೆಯ ಹೆಗಲ ಮಟ್ಟಕ್ಕೆ ಇಳಿಸಿ, ಜೂಮ್ ಮಾಡಿ ತೆಗೆಯಬೇಕು. ಅಳತೆಗೆ ತಲೆಯ ಉದ್ದವೇ ಗಜ: ನೆಲದಿಂದ ಹೆಗಲಿಗೆ ಸುಮಾರು ಎರಡೂವರೆ ತಲೆ, ಎದೆಯಿಂದ ಪೃಷ್ಠಕ್ಕೂ ಹೆಚ್ಚುಕಡಿಮೆ ಅಷ್ಟೇ.

ಹೊಸಬರು ಎಡವುವುದು ಹಿಂಗಾಲಿನಲ್ಲಿ. ನಡುವೆ ಹಿಂದಕ್ಕೆ ಚಾಚಿದ ಕೀಲನ್ನು ಮೊಣಕಾಲೆಂದು ತಿಳಿಯುತ್ತಾರೆ. ಅದು ನಮ್ಮ ಹಿಮ್ಮಡಿಗೆ ಸಮ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಸ್ಟಬ್ಸ್ ಸತ್ತ ಕುದುರೆಗಳನ್ನು 18 ತಿಂಗಳು ಪದರ ಪದರವಾಗಿ ಸೀಳಿ ಬರೆದು, 1766ರಲ್ಲಿ ಅಚ್ಚು ಹಾಕಿಸಿದ ಅಂಗರಚನೆಯ ಚಿತ್ರಗಳನ್ನು ಪೆನ್ಸಿಲ್ಲಿನಲ್ಲಿ ನಕಲು ಮಾಡಿದರೆ ಈ ತಪ್ಪು ಮತ್ತೆ ಆಗದು. ಓಡುವ ಕುದುರೆ ಬೇಕೆಂದರೆ ಛಾಯಾಗ್ರಾಹಕ ಮೈಬ್ರಿಜ್ 1878ರಲ್ಲಿ ತೆಗೆದ ಫೋಟೊಗಳನ್ನು ನೋಡಿ: ನಾಲ್ಕೂ ಗೊರಸು ನೆಲ ಬಿಡುವುದು ಕಾಲುಗಳು ಹೊಟ್ಟೆಯಡಿ ಕೂಡಿಕೊಂಡಾಗ, ಹಿಂದುಮುಂದು ಚಾಚಿಕೊಂಡಾಗಲ್ಲ.

ಕಣ್ಣಿನ ಪಾಪೆ ದುಂಡಗಲ್ಲ, ಅಡ್ಡಕ್ಕೆ ಉದ್ದ. ದುಂಡಗೆ ಬರೆದರೆ ಮನುಷ್ಯ ನೋಡಿದ ಹಾಗಿರುತ್ತದೆ.

ಇನ್ನು ಕೂದಲ ಸುಳಿ. ಯಜಮಾನರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಹಣೆಯ ಸುಳಿ ಒಂದು ಬೆರಳು ಸರಿದರೂ ‘ಇದು ನಮ್ಮ ಕುದುರೆ ಅಲ್ರಿ’ ಅನ್ನುತ್ತಾರೆ, ಅವರ ಮಾತು ಸರಿ. ನಾಲ್ಕು ಕಾಲು, ಮುಖ ಬಿಳಿಯಿರುವ ಪಂಚಕಲ್ಯಾಣಿಯಾದರೆ ನಾಲ್ಕು ಕಾಲಿನ ಬಿಳಿ ಎಲ್ಲೆಲ್ಲಿಗೆ ನಿಲ್ಲುತ್ತದೆಂದು ಬೇರೆಬೇರೆಯಾಗಿ ಗುರುತು ಹಾಕಿಕೊಳ್ಳುತ್ತೇನೆ.

ಎಣ್ಣೆಬಣ್ಣದ ಕೆಳಪದರಕ್ಕೆ ಟರ್ಪೆಂಟೈನ್ ಹೆಚ್ಚು, ಮೇಲಿನದಕ್ಕೆ ಅಗಸೆ ಎಣ್ಣೆ ಹೆಚ್ಚು. ತಿರುವುಮುರುವಾದರೆ ಬಿರುಕು ಬಿಡುತ್ತದೆ. ನಮ್ಮ ಬೇಸಿಗೆಗೆ ಬಣ್ಣ ಬೇಗ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಮದುವೆ ಮನೆಗೆ ಬೇಕೆಂದು ಎಷ್ಟು ಅವಸರಪಡಿಸಿದರೂ ಕೊನೆಯ ವಾರ್ನಿಷ್ 6 ತಿಂಗಳ ಮೇಲೆಯೇ.