ಕರೆಂಟ್ ಹೋದಾಗ ಅಕ್ವೇರಿಯಂ ಸಂಪ್ ಉಕ್ಕದಿರಲು

ಮೀನಿನ ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿಯೇ ಸಂಪ್. ಅಲ್ಲಿಂದ ನೀರನ್ನು ಪಂಪ್ ಮೂಲಕ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿನ ಬಾಯಿಯನ್ನು ಟ್ಯಾಂಕಿನ ನೀರಿನ ಮೇಲ್ಮೈಯಿಂದ 2 ಸೆಂ.ಮೀ.ಗಿಂತ ಕೆಳಗೆ ಇಳಿಸಬೇಡಿ. ಪಂಪ್ ನಿಂತ ಕೂಡಲೇ ಅದೇ ಪೈಪ್ ಸೈಫನ್ ಆಗಿ ಟ್ಯಾಂಕಿನ ನೀರನ್ನು ಸಂಪಿಗೆ ಎಳೆಯುತ್ತದೆ. ಬಾಯಿಗೆ ಗಾಳಿ ಸಿಕ್ಕಮೇಲೆಯೇ ನಿಲ್ಲುವುದು. 180 × 60 ಸೆಂ.ಮೀ. ಟ್ಯಾಂಕಿನಲ್ಲಿ ಒಂದು ಸೆಂ.ಮೀ. ಆಳವೆಂದರೆ ಸುಮಾರು 11 ಲೀಟರ್. ಬಾಯಿ 10 ಸೆಂ.ಮೀ. ಆಳದಲ್ಲಿದ್ದರೆ ಲೆಕ್ಕ ನೀವೇ ಹಾಕಿ. ಮೇಲ್ಮೈಗಿಂತ ತುಸು ಕೆಳಗೆ ಪೈಪಿಗೆ 5 ಮಿ.ಮೀ. ತೂತು ಕೊರೆದರೂ ನಡೆಯುತ್ತದೆ, ಆದರೆ ಪಾಚಿ ಕಟ್ಟಿದರೆ ಅದು ಇದ್ದೂ ಇಲ್ಲದಂತೆ. ಆಗಾಗ ಕಡ್ಡಿ ಹಾಕಿ ಬಿಡಿಸಬೇಕು. ನೀರನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವನ್ನಂತೂ ನಂಬಿ ಕೂರಬೇಡಿ, ಸಣ್ಣ ಬಸವನಹುಳು ಸಿಕ್ಕಿಕೊಂಡರೂ ಪೂರ್ತಿ ಮುಚ್ಚದು. ಟ್ಯಾಂಕಿನ ಹೆಚ್ಚುವರಿ ನೀರನ್ನು ಕೆಳಗಿಳಿಸುವ ಓವರ್‌ಫ್ಲೋ ಪೈಪುಗಳ ನೀರೂ ಸಂಪಿಗೇ ಇಳಿಯುವುದರಿಂದ, ಪಂಪ್ ಆಫ್ ಮಾಡಿ ಎಲ್ಲ ಇಳಿದ ಮೇಲೆ ಅಂಚಿಗೆ 3 ಸೆಂ.ಮೀ. ಬಿಟ್ಟು ಸಂಪ್ ತುಂಬಿಸಿ. ಮತ್ತೆ ಆನ್ ಮಾಡಿ, ಮಟ್ಟ ನಿಂತಲ್ಲಿ ಗೆರೆ ಎಳೆಯಿರಿ. ಆರಿಹೋದ ನೀರನ್ನು ತಾನೇ ತುಂಬುವ ಆಟೋ ಟಾಪ್-ಆಫ್ ಸಾಧನದ ಸೆನ್ಸರ್ ಆ ಗೆರೆಗಿಂತ ಮೇಲಿರಬಾರದು.