ಎರಡು ಬಲ್ಬ್ ಬದಲಿಸಿದ ಮೇಲೆ ಸಿಕ್ಕಿದ ತುಕ್ಕು ಬೋಲ್ಟು

ಜುಲೈ ತಿಂಗಳ ಒಂದು ಸಂಜೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯುತ್ತಿದ್ದಾಗ ನಮ್ಮ ಹಳೇ ಕಾರಿನ ಬಲಗಡೆ ಹೆಡ್‌ಲೈಟ್ ಮಂಕಾಯಿತು. ಪೂರ್ತಿ ಆರಲಿಲ್ಲ, ಚಿಮಣಿ ಬುಡ್ಡಿಯ ಥರ ಕೆಂಪಗೆ ಉರಿಯುತ್ತಿತ್ತು. ಹೋಗುವುದಾದರೆ ಎಡಗಡೆಯದ್ದೇ ಹೋಗಬಾರದಿತ್ತಾ! ಬಲಗಡೆಯದ್ದು ಹೋದರೆ ಎದುರಿನವರು ಬೈಕ್ ಬರ್ತಿದೆ ಅಂದುಕೊಂಡು ಮೈಮೇಲೇ ನುಗ್ಗುತ್ತಾರೆ.

ಉಜಿರೆಯಲ್ಲಿ ಹೊಸ ಎಚ್4 ಬಲ್ಬ್ ಹಾಕಿದೆ, ಅದೇ ಮಾಮೂಲಿ 60/55 ವ್ಯಾಟಿನದ್ದು (ದೂರಕ್ಕೆ ಬೆಳಕು ಬೀರುವ ಹೈ ಬೀಮಿಗೆ 60, ಹತ್ತಿರದ ಲೋ ಬೀಮಿಗೆ 55). ಚೆನ್ನಾಗಿ ಉರಿಯಿತು. ನಾಲ್ಕು ದಿನಕ್ಕೆ ಮತ್ತೆ ಅದೇ ಕಥೆ. ಇನ್ನೊಂದು ಬಲ್ಬ್ ತಂದೆ. ಪ್ರತಿ ಸಲ ವೈರು ಅಲುಗಾಡಿಸಿದ್ದಕ್ಕೆ ಸರಿಹೋಗ್ತಿತ್ತು ಅಂತ ಆಮೇಲೆ ಹೊಳೆಯಿತು.

ಸುಳಿವು ಕಣ್ಣೆದುರೇ ಇತ್ತು. ಲೋ ಬೀಮ್ ಹಾಕಿದಾಗಲೂ ಡ್ಯಾಶ್‌ಬೋರ್ಡಿನ ಹೈ ಬೀಮ್ ನೀಲಿ ದೀಪ ಸಣ್ಣಗೆ ಮಿಣುಕುತ್ತಿತ್ತು. ಈ ಬಲ್ಬಿನಲ್ಲಿ ಎರಡು ಫಿಲಮೆಂಟ್, ಮೂರು ಪಿನ್: ಲೋಗೆ ಒಂದು, ಹೈಗೆ ಒಂದು, ಎರಡಕ್ಕೂ ಸೇರಿ ಒಂದು ಅರ್ತ್, ಅಂದರೆ ಕರೆಂಟು ಕಾರಿನ ತಗಡಿನ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿ. ಅರ್ತ್ ಕೈಕೊಟ್ಟರೆ ಕರೆಂಟಿಗೆ ವಾಪಸ್ ಹೋಗೋಕೆ ದಾರಿ ಇಲ್ಲದೆ, ಅದೇ ಬಲ್ಬಿನ ಹೈ ಫಿಲಮೆಂಟಿನ ಮೂಲಕ ಹಿಂದಕ್ಕೆ ಹರಿದು, ಆ ಕಡೆಯ ಲೈಟಿನ ಹೈ ಬೀಮಿಗೂ ನೀಲಿ ದೀಪಕ್ಕೂ ನುಗ್ಗಿ, ಅಲ್ಲಿಂದ ಹೇಗೋ ಅರ್ತ್ ಸೇರಿಕೊಳ್ಳುತ್ತದೆ. ಅದಕ್ಕೇ ಎಲ್ಲವೂ ಅರೆಬರೆ ಉರಿಯುವುದು. (ಕೆಲವು ಕಾರುಗಳಲ್ಲಿ ಸ್ವಿಚ್ ಅರ್ತ್ ಕಡೆ ಇರುತ್ತದೆ, ಅಲ್ಲಿ ಈ ಲೆಕ್ಕ ಉಲ್ಟಾ.)

ಮೊದಲು ಮಲ್ಟಿಮೀಟರಿನಲ್ಲಿ ಬೀಪ್ ನೋಡಿದೆ. ಅರ್ತ್ ವೈರಿಗೆ ಬೀಪ್ ಬಂತು, ಸರಿ ಇದೆ ಅಂದುಕೊಂಡೆ. ಸುಮ್ನೆ ಮೋಸ ಹೋದೆ. ನಾಲ್ಕೈದು ಓಮ್ ತಡೆ ಇದ್ದರೂ ಅದು ಬೀಪ್ ಅನ್ನುತ್ತದೆ, ಹೆಡ್‌ಲೈಟಿಗೆ ಅಷ್ಟು ತಡೆ ತುಂಬಾ ಜಾಸ್ತಿ. ನೋಡಬೇಕಾದ್ದು ಲೈಟ್ ಹಾಕಿಟ್ಟೇ. ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಹೋಲ್ಡರಿನ ಹಿಂದಿನಿಂದ ಅರ್ತ್ ಪಿನ್ನಿಗೆ. 0.2 ವೋಲ್ಟಿನ ಒಳಗಿರಬೇಕಾದ ಜಾಗದಲ್ಲಿ 7.4 ಬಂತು! ಅಂದರೆ ಅಷ್ಟು ವೋಲ್ಟು ಬಲ್ಬಿಗೆ ಸಿಗದೆ ಅರ್ತ್ ದಾರಿಯಲ್ಲೇ ಕಳೆದುಹೋಗುತ್ತಿತ್ತು.

ಆ ವೈರು ಹಿಡಿದುಕೊಂಡು ಹೋದರೆ ಬ್ಯಾಟರಿ ಟ್ರೇ ಕೆಳಗೆ ಒಂದು ಬೋಲ್ಟು, ಸುತ್ತ ತುಕ್ಕು, ಥಿಂಬಲ್ (ವೈರಿನ ತುದಿಗೆ ಹಾಕಿ ಬೋಲ್ಟಿಗೆ ಬಿಗಿಯುವ ಲೋಹದ ಬಳೆ) ಹಸಿರುಗಟ್ಟಿತ್ತು. ನಮ್ಮ ಮಂಗಳೂರಿನ ಉಪ್ಪು ಗಾಳಿ ಮತ್ತು ಮಳೆ ಸೇರಿದರೆ ಇನ್ನೇನಾಗುತ್ತೆ? ಬ್ಯಾಟರಿ ಮೈನಸ್ ಬಿಚ್ಚಿ, ಉಜ್ಜು ಕಾಗದದಲ್ಲಿ ತಗಡು ಹೊಳೆಯುವ ತನಕ ತಿಕ್ಕಿ, ಹೊಸ ಥಿಂಬಲನ್ನು ವೈರಿಗೆ ಅದುಮಿ ಕೂರಿಸಿ (ಕ್ರಿಂಪ್ ಮಾಡಿ), ಬಿಗಿದ ಮೇಲೆ ವ್ಯಾಸಲೀನ್ ಬಳಿದೆ. ಅಪ್ಪ ಟಾರ್ಚ್ ಹಿಡಿದು ನಿಂತು, ‘ಎಲೆಕ್ಟ್ರೀಷಿಯನ್ ಹತ್ರ ಹೋಗೋ ಮಾರಾಯ’ ಅಂತ ಮೂರು ಸಲ ಹೇಳಿದರು.

ಹೋಲ್ಡರ್ ಕೂಡ ಕಂದು ಬಣ್ಣಕ್ಕೆ ತಿರುಗಿ ಅರ್ಧ ಕರಗಿತ್ತು. ನಮಗೆ ಕಾರು ಮಾರಿದವರು ಹಿಂದೆ ರಿಲೇ (ಹೆಚ್ಚು ಕರೆಂಟನ್ನು ದಪ್ಪ ವೈರಿನಲ್ಲಿ ಬ್ಯಾಟರಿಯಿಂದ ನೇರ ಕೊಡಿಸುವ ಸ್ವಿಚ್) ಇಲ್ಲದೆ 100/90 ಬಲ್ಬ್ ಹಾಕಿಕೊಂಡಿದ್ದರು. 55 ವ್ಯಾಟಿಗೆ ನಾಲ್ಕೂವರೆ ಆಂಪಿಯರ್ ಸಾಕು, 90ಕ್ಕೆ ಏಳೂವರೆ ಬೇಕು. ಆ ಸಣ್ಣ ವೈರಿಗೂ ಪ್ಲಾಸ್ಟಿಕ್ಕಿಗೂ ಅಷ್ಟು ಬಿಸಿ ತಡೆಯುವ ಶಕ್ತಿ ಇಲ್ಲ. ಸೆರಾಮಿಕ್ ಹೋಲ್ಡರ್ ಹಾಕಿದೆ, ಜಾಯಿಂಟುಗಳನ್ನು ಒಂದರ ಪಕ್ಕ ಒಂದು ಬರದ ಹಾಗೆ ಹಿಂದೆಮುಂದೆ ಕೂರಿಸಿ, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಬಲ್ಬಿನ ಗಾಜು ಮಾತ್ರ ಬರಿಗೈಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಹೆಚ್ಚು ಕಾದು ಬಲ್ಬ್ ಬೇಗ ಹೋಗುತ್ತದೆ.

ಮತ್ತೆ ಮೀಟರ್ ಇಟ್ಟೆ: 0.08. ನೀಲಿ ದೀಪ ಪೂರ್ತಿ ಆರಿತ್ತು. ಬಿಚ್ಚಿಟ್ಟಿದ್ದ ಆ ಮೊದಲ ‘ಕೆಟ್ಟ’ ಬಲ್ಬನ್ನೇ ವಾಪಸ್ ಹಾಕಿ ನೋಡಿದೆ, ಚೆನ್ನಾಗೇ ಉರಿಯಿತು.